ಒಂದು ಭಾನುವಾರ ಹೋಗಿ ಕೊಟ್ಟು ಬಾ

ನೈರೋಬಿಗೆ ಬರುತ್ತಿದ್ದ ಪರಿಚಯದವರ ಕೈಲಿ ಚಿಕ್ಕಮ್ಮ ಮೊನ್ನೆ ಮಿಡಿ ಉಪ್ಪಿನಕಾಯಿ ಕಳಿಸಿದ್ದರು. ಎರಡು ಡಬ್ಬಿ. ಎಣ್ಣೆ ಸೋರದಿರಲಿ ಅಂತ ಬಾಯಿಗೆ ತೊಳೆದ ಹಾಲಿನ ಕವರ್ ಹಾಕಿ, ದಾರ ಸುತ್ತಿ, ಮೇಲೆ ಟೇಪು. ಒಂದಕ್ಕೆ ನನ್ನ ಹೆಸರಿನ ಚೀಟಿ, ಇನ್ನೊಂದಕ್ಕೆ ‘ಲಾಗೋಸ್’ ಅಂತಷ್ಟೇ.

ಲಾಗೋಸಿನಲ್ಲಿರುವುದು ಚಿಕ್ಕಮ್ಮನ ಓರಗಿತ್ತಿಯ ತಂಗಿ ಮಗ. ನಾನು ಮುಖವನ್ನೂ ನೋಡಿಲ್ಲ.

“ನೀನೂ ಆಫ್ರಿಕಾ, ಅವನೂ ಆಫ್ರಿಕಾ. ಒಂದು ಭಾನುವಾರ ಹೋಗಿ ಕೊಟ್ಟು ಬಂದ್ರೆ ಆಯ್ತಪ್ಪ.”

“ಚಿಕ್ಕಮ್ಮ, ಬೆಂಗಳೂರಿಂದ ದಿಲ್ಲಿಗೆ ವಿಮಾನದ ದಾರಿ 1,700 ಕಿಲೋಮೀಟರ್. ಇಲ್ಲಿಂದ ಲಾಗೋಸಿಗೆ 3,800. ನೇರ ವಿಮಾನ ಸಿಕ್ಕಿದರೂ ಐದು ಗಂಟೆ ದಾಟುತ್ತೆ.”

“ಅದಕ್ಕೇ ಭಾನುವಾರ ಅಂದಿದ್ದು.”

ಈ ಮಾತು ವಾರವಿಡೀ ಕಿವಿಯಲ್ಲಿದೆ. ಇಲ್ಲಿನ ಬಾಡಿಗೆ ಮಿನಿ ಬಸ್ಸು ಮಟಾಟು ಹತ್ತಿ ಆಫೀಸಿಗೆ ಹೋಗುವಾಗಲೂ ನೆನಪಾಗಿ ನಗು ಬರುತ್ತದೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದ ಚಿಕ್ಕಪ್ಪ ಫೋನಿನ ಆ ಕಡೆ ಪಕ್ಕದಲ್ಲೇ ಕೂತಿದ್ದರು, ಕೆಮ್ಮು ಕೇಳಿಸುತ್ತಿತ್ತು. ತುಟಿ ಬಿಚ್ಚಲಿಲ್ಲ. ಆ ಮನೆಯಲ್ಲಿ ಅದೇ ಕ್ಷೇಮ ಅನ್ನಿ.

ತಪ್ಪೇನಿದ್ದರೂ ಗೋಡೆಗೆ ನೇತುಹಾಕುವ ಆ ನಕಾಶೆಯದು. ಅದರಲ್ಲಿ ಗ್ರೀನ್‌ಲ್ಯಾಂಡೂ ಆಫ್ರಿಕಾವೂ ಸರಿಸುಮಾರು ಸಮ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು, ನಮ್ಮ ದೇಶದ ಒಂಬತ್ತು ಪಟ್ಟು. ಉಗಾಂಡ, ಕಾಂಗೋ ಕಾಡು, ಕ್ಯಾಮರೂನ್ ಎಲ್ಲ ದಾಟಿದ ಮೇಲೇ ನೈಜೀರಿಯಾ. ಇಳಿದಾಗ ಗಡಿಯಾರ ಎರಡು ಗಂಟೆ ಹಿಂದಕ್ಕೆ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು, ಹಳದಿ ಜ್ವರದ ಲಸಿಕೆಯ ಕಾರ್ಡೂ ಬೇಕು. ಟಿಕೆಟ್ ನೋಡಿದೆ, ಮುಂಬೈಗೆ ಹೋಗುವುದೇ ಅಗ್ಗ! 1999ರಲ್ಲೇ ಐವರಿ ಕೋಸ್ಟಿನ ಯಮುಸುಕ್ರೊದಲ್ಲಿ ಆಫ್ರಿಕಾದ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಆಕಾಶ ಬಿಟ್ಟುಕೊಡೋಣ ಅಂತ ಒಪ್ಪಿಕೊಂಡಿದ್ದವು. 2018ರಲ್ಲಿ ಏಕ ವಾಯು ಮಾರುಕಟ್ಟೆ ಅಂತ ಮತ್ತೊಮ್ಮೆ ಘೋಷಣೆಯಾಯಿತು. ಆದರೂ ತಮ್ಮ ತಮ್ಮ ವಿಮಾನ ಕಂಪನಿಯನ್ನು ಕಾಪಾಡಿಕೊಳ್ಳುವ ಆಸೆ, ಮೇಲೆ ತೆರಿಗೆ. ನೆರೆಯವರ ಮನೆಗೆ ಹೋಗಲು ದುಬೈ ಸುತ್ತಿ ಬರುವವರೂ ಇದ್ದಾರೆ.

ಹಾಗಂತ ಚಿಕ್ಕಮ್ಮ ಒಬ್ಬರನ್ನೇ ಯಾಕೆ ಅನ್ನಬೇಕು? ಕಳೆದ ಸಲ ಬೆಂಗಳೂರಿಗೆ ಹೊರಟಾಗ ಇಲ್ಲಿನ ಸಹೋದ್ಯೋಗಿಯೊಬ್ಬಳು ಕೆನ್ಯಾದ ಕೆರಿಚೊ ಚಹಾಪುಡಿಯ ಪೊಟ್ಟಣ ಹಿಡಿದು ಬಂದಿದ್ದಳು. ಪಂಜಾಬಿನ ಜಲಂಧರಿನಲ್ಲಿ ತಮ್ಮ ಓದುತ್ತಿದ್ದಾನೆ, ಸಂಜೆ ಹೊತ್ತು ಕೊಟ್ಟುಬಿಡು ಅಂದಳು. ಬುದ್ಧಿವಂತೆ, ಆಫೀಸಿನ ಲೆಕ್ಕದಲ್ಲಿ ಒಂದು ಶಿಲ್ಲಿಂಗ್ ಆಚೀಚೆ ಆದರೆ ಬಿಡುವವಳಲ್ಲ. ನಾವಿರುವ ಕಡೆ ಮಾತ್ರ ಬೀದಿ ಬೀದಿಯೂ ಬೇರೆ, ದೂರದ್ದೆಲ್ಲ ಒಂದೇ ಊರು.

ನಿನ್ನೆ ಮತ್ತೆ ಫೋನ್. ಹೋಗಿ ಕೊಟ್ಟೆಯಾ? ಕೊನೇ ಅಸ್ತ್ರ ತೆಗೆದೆ.

“ಇಲ್ಲಿಂದ ಮುಂಬೈ 4,500. ಲಾಗೋಸಿಗಿಂತ 700 ಜಾಸ್ತಿ, ಅಷ್ಟೇ. ಈಗಲಾದರೂ ದೂರ ಗೊತ್ತಾಯ್ತಾ?”

ಒಂದು ಗಳಿಗೆ ಸುಮ್ಮನಿದ್ದರು.

“ಅಷ್ಟೇನಾ? ಮತ್ತೆ ನೀನು ವರ್ಷಗಟ್ಟಲೆ ಬರೋದೇ ಇಲ್ವಲ್ಲೋ. ಅವನಿಗೆ ಕೊಡೋದು ಹಾಗಿರಲಿ, ಇಲ್ಲಿಗೇ ಬಂದು ಹೋಗು.”

ರಜೆ ನೋಡಿ ಹೇಳ್ತೀನಿ ಅಂದೆ.