ಅವರೆಕಾಯಿಯ ಮೊರವೂ ಐದು ಗಂಟೆಯ ಕ್ರಿಕೆಟ್ಟೂ

ನಮ್ಮ ಮನೆಯ ಟಿ.ವಿ. ಚಳಿಗಾಲದಲ್ಲಿ ಎರಡು ಪಾಳಿ ದುಡಿಯುತ್ತದೆ. ರಾತ್ರಿಯ ಪಾಳಿ ಎಲ್ಲ ಮನೆಗಳಲ್ಲಿಯೂ ಇರುವಂಥದ್ದೇ. ಏಳರಿಂದ ಹತ್ತರವರೆಗೆ ಒಂದರ ಬೆನ್ನಿಗೆ ಒಂದರಂತೆ ಧಾರಾವಾಹಿಗಳು. ಬೆಳಗಿನ ಜಾವದ ಪಾಳಿ ಪ್ರತಿ ವರ್ಷ ಬರುವುದಿಲ್ಲ. ಭಾರತ ತಂಡ ಟೆಸ್ಟ್ ಆಡಲು ಆಸ್ಟ್ರೇಲಿಯಾಕ್ಕೆ ಹೋದ ವರ್ಷ ಮಾತ್ರ ಅದು ಇರುತ್ತದೆ. ಮೆಲ್ಬರ್ನ್‌ನಲ್ಲಿ ಹತ್ತೂವರೆಗೆ ಆಟ ಶುರುವಾದರೆ ಮೈಸೂರಿನಲ್ಲಿರುವ ನಮಗೆ ಆಗ ಬೆಳಗಿನ ಐದು ಗಂಟೆ.

ಐದಕ್ಕೆ ಏಳುವುದು ನಮ್ಮ ಮನೆಗೆ ಹೊಸದೇನಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿದು ಹುಗ್ಗಿಯ ನೈವೇದ್ಯವಾಗಬೇಕೆಂದು ಅಮ್ಮ ನಾಲ್ಕೂವರೆಗೇ ಎದ್ದು ಸ್ನಾನ ಮುಗಿಸಿರುತ್ತಾಳೆ. ಆಸ್ಟ್ರೇಲಿಯಾದ ಬೇಸಿಗೆಯ ಟೆಸ್ಟುಗಳು ಬೀಳುವುದೂ ಸರಿಯಾಗಿ ಈ ತಿಂಗಳಲ್ಲಿಯೇ. ಹಾಗಾಗಿ ಬೀದಿಯೆಲ್ಲ ಕತ್ತಲಲ್ಲಿ ಮಲಗಿರುವಾಗ ನಮ್ಮ ಮನೆಯ ಎರಡು ಕಿಟಕಿಗಳಲ್ಲಿ ಮಾತ್ರ ಬೆಳಕು; ಒಂದರಲ್ಲಿ ದೇವರ ದೀಪ, ಇನ್ನೊಂದರಲ್ಲಿ ಮೆಲ್ಬರ್ನ್‌ನ ಬಿಸಿಲು. ಅಪ್ಪ ಮಂಕಿ ಟೋಪಿ ಹಾಕಿಕೊಂಡು, ಕಂಬಳಿಯನ್ನು ಮೊಣಕಾಲಿನವರೆಗೆ ಸುತ್ತಿಕೊಂಡು, ಧ್ವನಿಯನ್ನು ಪೂರ್ತಿ ತೆಗೆದು ನೋಡುತ್ತಾರೆ. ಮೊದಲು ಅದು ಮಲಗಿದ್ದ ಅಜ್ಜಿಗಾಗಿ ಮಾಡಿದ ಏರ್ಪಾಡು. ಅಜ್ಜಿ ಹೋದ ಮೇಲೆ ನನ್ನ ಮಗಳಿಗಾಗಿ ಮುಂದುವರಿದಿದೆ.

ಮಡಿಯಲ್ಲಿರುವ ಅಮ್ಮ ಸ್ನಾನವಾಗದ ನಮ್ಮ ಹತ್ತಿರ ಸುಳಿಯುವಂತಿಲ್ಲ. ಆದರೆ ಕುತೂಹಲಕ್ಕೆ ಮಡಿಯುಂಟೇ? ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಿನವರೆಗೆ ಬಂದು, ಅಲ್ಲಿಂದಲೇ ಕತ್ತು ಚಾಚಿ, "ಏನೋ, ಎಷ್ಟಾಯ್ತೋ?" ಎಂದು ಪಿಸುಗುಟ್ಟುತ್ತಾಳೆ. 2018ರ ಡಿಸೆಂಬರ್ 26ರಂದು ಮಯಾಂಕ್ ಅಗರ್‌ವಾಲ್ ತನ್ನ ಮೊದಲ ಟೆಸ್ಟಿನಲ್ಲಿಯೇ ಇನಿಂಗ್ಸ್ ಆರಂಭಿಸಲು ಇಳಿದಾಗ, ಹುಡುಗ ಬೆಂಗಳೂರಿನವನೆಂದು ತಿಳಿದದ್ದೇ ತಡ, ಅವಳ ಹೊಸ್ತಿಲಿನ ಭೇಟಿಗಳು ಹೆಚ್ಚಿದವು. ಅವನು 76 ರನ್ ಮಾಡಿದ. ನಮ್ಮ ಹುಗ್ಗಿಯ ತಳ ಸ್ವಲ್ಪ ಹತ್ತಿತು. ಆ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಬೆಳಗಿನ ಈ ವೀಕ್ಷಣೆಗೆ ಒಂದು ಶಾಪವೂ ಇದೆ: ಆರಂಭವನ್ನು ನಾವು ನೋಡುತ್ತೇವೆ, ಮುಕ್ತಾಯ ಸಿಗುವುದಿಲ್ಲ. 2003ರ ಡಿಸೆಂಬರ್ 16ರಂದು ಅಡಿಲೇಡ್‌ನಲ್ಲಿ ರಾಹುಲ್ ದ್ರಾವಿಡ್ ಗೆಲುವಿನ ಬೌಂಡರಿ ಹೊಡೆದಾಗ ನಾನು ಶಾಲೆಯಲ್ಲಿದ್ದೆ. ಮೊದಲ ಇನಿಂಗ್ಸ್‌ನಲ್ಲಿ 233, ಎರಡನೆಯದರಲ್ಲಿ ಔಟಾಗದೆ 72. ಅಷ್ಟೂ ದಿನ ಐದೂವರೆಗೆ ಎದ್ದು ಕಾದವನಿಗೆ ಆ ಕೊನೆಯ ಹೊಡೆತ ಕಾಣಸಿಕ್ಕಿದ್ದು ರಾತ್ರಿಯ ವಾರ್ತೆಯಲ್ಲಿ, ಅದೂ ಅರೆಕ್ಷಣ.

2021ರ ಜನವರಿ 19ರಂದು ಹಾಗಾಗಬಾರದೆಂದು ನಿಶ್ಚಯಿಸಿದ್ದೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳು ಅವು. ಬ್ರಿಸ್ಬೇನ್‌ನಲ್ಲಿ ಗೆಲ್ಲಲು 328 ಬೇಕಿತ್ತು, ಕೊನೆಯ ದಿನ. ಅಪ್ಪ ಟಿ.ವಿ. ಹಚ್ಚಿದರೆ ತೆರೆಯ ಮೇಲೆ ರೀಚಾರ್ಜ್ ಮುಗಿದಿದೆಯೆಂಬ ಸೂಚನೆ. ದುಡ್ಡು ಕಟ್ಟಿದೆ, ಸೆಟ್‌ಟಾಪ್ ಬಾಕ್ಸ್ ಅದನ್ನು ಒಪ್ಪಿಕೊಳ್ಳಲಿಲ್ಲ. ಸಹಾಯವಾಣಿಯವರು ಬಾಕ್ಸನ್ನು ಆರಿಸಿ ಹಚ್ಚಲು ಮೂರು ಸಲ ಹೇಳಿದರು. ಕೊನೆಗೆ ನನ್ನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಎಲ್ಲರೂ ತಲೆ ಸೇರಿಸಿ ನೋಡಿದೆವು. ಮೊಬೈಲಿನ ಆಟ ಟಿ.ವಿ.ಗಿಂತ ಅರ್ಧ ನಿಮಿಷ ಹಿಂದೆ ಓಡುತ್ತಿದ್ದುದರಿಂದ ಮಹಡಿಯ ಮನೆಯವರ ಕೂಗು ನಮಗೆ ಮೊದಲು ಕೇಳುತ್ತಿತ್ತು, ಚೆಂಡು ಆಮೇಲೆ ಬರುತ್ತಿತ್ತು. ರಿಷಭ್ ಪಂತ್ ಗೆಲುವಿನ ಬೌಂಡರಿ ಹೊಡೆಯುವ ಮೊದಲೇ ನಾವು ಗೆದ್ದಾಗಿತ್ತು.

ರಾತ್ರಿಯ ಪಾಳಿ ಪೂರ್ತಿಯಾಗಿ ಅವರೆಕಾಯಿಗೆ ಸೇರಿದ್ದು. ಇಬ್ಬನಿ ಬಿದ್ದು ಸೊಗಡು ಏರಿದ ಕಾಯಿ ಗಾಡಿಗಳ ಮೇಲೆ ರಾಶಿಯಾಗಿ ಬರತೊಡಗಿದ ದಿನದಿಂದ ನಮ್ಮ ಹಾಲ್‌ನ ನಡುವೆ ಹಳೆಯ ವೃತ್ತಪತ್ರಿಕೆ ಹಾಸಿ, ಮೊರ ಇಡುವುದು ನಡೆದುಬಂದಿದೆ. ಧಾರಾವಾಹಿ ನೋಡಬೇಕಾದವರು ಕಾಯಿ ಬಿಡಿಸಬೇಕು. ಇದು ಅಮ್ಮನ ಕಾನೂನು. ಸುಲಿದ ಕಾಳನ್ನು ನೆನೆಸಿಟ್ಟು ಮರುದಿನ ಹಿತಕುವುದು ಇನ್ನೊಂದು ಸಂಜೆಯ ಕೆಲಸ. ನೆನೆದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬಿದ್ದು, ಸಿಪ್ಪೆ ಬೆರಳಲ್ಲಿ ಉಳಿಯಬೇಕು. ನನ್ನ ಮಗಳ ಕೈಯಲ್ಲಿ ಬೇಳೆ ಎತ್ತ ಹಾರುತ್ತದೆಂದು ಹೇಳಲಾಗದು. ಒಮ್ಮೆ ಧಾರಾವಾಹಿಯ ಅತ್ತೆ ಸೊಸೆಯನ್ನು ಮನೆಯಿಂದ ಹೊರಹಾಕುತ್ತಿದ್ದ ಗಂಭೀರ ಘಳಿಗೆಯಲ್ಲಿ ಒಂದು ಸಿಪ್ಪೆ ಹಾರಿ ಆ ಅತ್ತೆಯ ಹಣೆಗೇ ಅಂಟಿಕೊಂಡಿತು. ನಮ್ಮ ಮನೆಯ ಅತ್ತೆ-ಸೊಸೆಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಣ್ಣು ಕಾಯಿಯೊಳಗಿನ ಹುಳದ ಮೇಲೆ ಇರಬೇಕಾದ್ದರಿಂದ ಧಾರಾವಾಹಿಯನ್ನು ನಾವು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಹಿನ್ನೆಲೆಯ ಸಂಗೀತ ಧಡಾರೆಂದಾಗ ಎಲ್ಲರ ತಲೆಗಳು ಒಟ್ಟಿಗೆ ಮೇಲೇಳುತ್ತವೆ, ಜಾಹೀರಾತು ಬಂದೊಡನೆ ಮೊರಕ್ಕೆ ಮರಳುತ್ತವೆ. ಬಿಗ್ ಬಾಸ್ ನಡೆಯುವ ತಿಂಗಳುಗಳಲ್ಲಿ ಅಪ್ಪ ಅದನ್ನು ಕೆಲಸವಿಲ್ಲದವರ ಕಾರ್ಯಕ್ರಮವೆಂದು ಬೈಯುತ್ತಲೇ ಬಿಡಿಸುತ್ತಾರೆ, ಮರುದಿನ ಕಾಫಿಗೆ ಕುಳಿತಾಗ ಯಾರು ಹೊರಬಿದ್ದರೆಂದು ಮೊದಲು ವಿಚಾರಿಸುವವರೂ ಅವರೇ.

ಬೇಸಿಗೆಯಲ್ಲಿ ಇದೇ ಟಿ.ವಿ.ಯ ಮುಂದೆ ಇಷ್ಟು ಜನ ಕೂರುವುದಿಲ್ಲ. ಆಗ ಒಬ್ಬರು ತಾರಸಿಯ ಮೇಲೆ, ಒಬ್ಬರು ಫ್ಯಾನಿನ ಕೆಳಗೆ. ಕಿಟಕಿಗಳೆಲ್ಲ ತೆರೆದಿರುವುದರಿಂದ ಒಂದೇ ಶೀರ್ಷಿಕೆ ಗೀತೆ ಮೂರು ಮನೆಗಳಿಂದ ಮೂರು ಕ್ಷಣ ಹಿಂದುಮುಂದಾಗಿ ಕೇಳುತ್ತಿರುತ್ತದೆ. ಚಳಿಗೆ ಕಿಟಕಿ ಮುಚ್ಚಿದ ಮೇಲೆ ಆ ಮನೆಗಳೆಲ್ಲ ದೂರವಾಗಿ, ನಾವು ಐವರು ಒಂದೇ ಕೋಣೆಯೊಳಗೆ ಉಳಿಯುತ್ತೇವೆ. ಅಮ್ಮನ ಪ್ರಕಾರ ಇದೂ ಕಡಿಮೆಯೇ. 1987ರ ಜನವರಿ 25ರ ಭಾನುವಾರ ರಾಮಾಯಣ ಧಾರಾವಾಹಿ ಆರಂಭವಾದಾಗ, ಹೊಸದಾಗಿ ಮದುವೆಯಾಗಿದ್ದ ಅವಳು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಎದುರುಮನೆಗೆ ಹೋಗಿದ್ದಳಂತೆ; ಕೆಂಪು ಗಾರೆಯ ನೆಲ ಅಷ್ಟು ತಣ್ಣಗಿತ್ತು, ಜನ ಮಾತ್ರ ಕಾಲಿಡಲು ಜಾಗವಿಲ್ಲದಷ್ಟು.

ಒದ್ದೆ ಕೈಗೆ ಅವರೆಯ ಸೊಗಡು ಅಂಟಿರುವಾಗ ಮೊಬೈಲ್ ಮುಟ್ಟಲಾಗುವುದಿಲ್ಲ. ಅದು ಸೋಫಾದ ಮೇಲೆ ಬೆಳಗಿ, ನಡುಗಿ, ಆರಿಹೋಗುತ್ತದೆ. ನನ್ನ ಹೆಂಡತಿ ಒಮ್ಮೆ ಮೊಣಕೈಯಿಂದ ಕರೆ ಸ್ವೀಕರಿಸಲು ಹೋಗಿ ಅವಳ ಮೇಲಧಿಕಾರಿಗೆ ವಿಡಿಯೋ ಕರೆ ಮಾಡಿಬಿಟ್ಟಳು. ಅಲ್ಲಿಂದ ಮುಂದೆ ಮೊಬೈಲುಗಳು ಮಲಗುವ ಕೋಣೆಯಲ್ಲಿರುತ್ತವೆ, ಹಿತಕುವ ಸಂಜೆಗಳಲ್ಲಿ ಮಾತ್ರ.

ಈ ಸಲ ಯುಗಾದಿಯ ಮುಂಚೆ ಧೂಳು ಹೊಡೆಯಲು ಟಿ.ವಿ.ಯನ್ನು ಗೋಡೆಯಿಂದ ಬಿಡಿಸಿದಾಗ ಅದರ ಬೆನ್ನ ಹಿಂದೆ, ತಂತಿಗಳ ನಡುವೆ, ಒಣಗಿ ಕಾಗದದಂತಾಗಿದ್ದ ಅವರೆಸಿಪ್ಪೆಗಳು ಸಿಕ್ಕವು. ಅಷ್ಟು ಹಿಂದಕ್ಕೆ ಅವು ಹೇಗೆ ಹೋದವೆಂದು ಕೇಳಿದೆ. ಮಗಳು ತಾತನ ಮುಖ ನೋಡಿದಳು. ತಾತ ಗಡಿಯಾರ ನೋಡಿದರು.