ದೊಡ್ಡಮ್ಮನ ಸಂಶಯ

ಜುಲೈ 14, 2024, ಭಾನುವಾರ
ಮಂಗಳೂರು

ಆರಾಧನೆ ಮುಗಿಸಿ ಸೀದಾ ದೊಡ್ಡಮ್ಮನ ಮನೆಗೆ ಹೋದೆ. ಮಳೆ ಅಂದ್ರೆ ಮಳೆ, ಕೊಡೆ ಇದ್ದೂ ಸೀರೆ ಮೊಣಕಾಲಿನವರೆಗೆ ಒದ್ದೆ. ಅಮ್ಮನಿಗೆ ಹೇಳಿರಲಿಲ್ಲ. ಅಕ್ಕ ತಂಗಿ ಇಬ್ಬರಿಗೂ ಮಾತಿಲ್ಲವಲ್ಲ.

ಯಾವಾಗಲೂ ನಾನು ಚಪ್ಪಲಿ ಬಿಡುವ ಮೊದಲೇ "ಚಾ ಕುಡೀತೀಯಾ" ಅಂತ ಕೇಳುವವರು ಇವತ್ತು ಮಂಚದಲ್ಲಿ ಸುಮ್ನೆ ಕೂತಿದ್ದರು. ಮಡಿಲಲ್ಲಿ ಸತ್ಯವೇದ, ಅಂದರೆ ಬೈಬಲ್. ವಾಕರ್ ಗೋಡೆಗೆ ಒರಗಿತ್ತು. ನಾನು ಕೂತ ತಕ್ಷಣ ಕೇಳಿದರು, "ಮಗಾ, ನನಗೆ ರಕ್ಷಣೆ ಉಂಟಾ?" ದೇವರು ನನ್ನನ್ನು ಸೇರಿಸಿಕೊಳ್ಳುತ್ತಾನಾ ಅಂತ.

82 ವರ್ಷದ ಹೆಂಗಸು. ನನಗೆ ಜ್ಞಾನವಾಕ್ಯ ಬಾಯಿಪಾಠ ಮಾಡಿಸಿದವರು. ಸಂಡೇ ಸ್ಕೂಲಿನಲ್ಲಿ ಎಷ್ಟು ಮಕ್ಕಳಿಗೆ ಕಲಿಸಿದ್ದಾರೋ ಲೆಕ್ಕವಿಲ್ಲ. ಅವರು ನನ್ನನ್ನು ಕೇಳುವ ಪ್ರಶ್ನೆಯಾ ಇದು?

ಆಮೇಲೆ ಗೊತ್ತಾಯಿತು. ಗುರುವಾರ ಯಾವುದೋ ಫೆಲೋಶಿಪ್ಪಿನಿಂದ ಇಬ್ಬರು ಬಂದಿದ್ದರಂತೆ, ಪ್ರಾರ್ಥನೆ ಮಾಡುತ್ತೇವೆ ಅಂತ. ಪ್ರಾರ್ಥನೆ ಮಾಡಿದರು, ಒಳ್ಳೆಯದು. ಹೋಗುವಾಗ ಒಂದು ಮಾತು ಬಿಟ್ಟು ಹೋದರು. ಮಗುವಾಗಿದ್ದಾಗ ತಲೆಗೆ ನೀರು ಹಾಕಿಸಿಕೊಂಡದ್ದು ದೀಕ್ಷಾಸ್ನಾನವೇ (ಬ್ಯಾಪ್ಟಿಸಂ) ಅಲ್ಲ, ತಿಳಿದು ನಂಬಿ ನೀರಿನಲ್ಲಿ ಮುಳುಗಬೇಕು, ವಾಕ್ಯಕ್ಕೆ ವಿಧೇಯರಾಗದೆ ರಕ್ಷಣೆ ಇಲ್ಲ ಅಂತ. ಸೊಂಟದ ಮೂಳೆ ಮುರಿದಿದೆ ಅಂದಿದ್ದಕ್ಕೆ, ಮನೆಗೇ ದೊಡ್ಡ ಟಬ್ ತರುತ್ತೇವೆ ಅಂದರಂತೆ! ನನಗೆ ಸಿಟ್ಟೂ ಬಂತು, ನಗುವೂ ಬಂತು. ಟಬ್ಬಿಗೆ ಇಳಿಸುವವರು ಯಾರು, ಎತ್ತುವವರು ಯಾರು?

ಸತ್ಯವೇದದ ಮಾರ್ಕ 16:16 ತೋರಿಸಿ ಹೋಗಿದ್ದಾರೆ. ನಾನು ಅದನ್ನೇ ತೆಗೆದೆ. ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ ಅಂತ ಇದೆ, ನಿಜ. ಆದರೆ ಅದರ ಎರಡನೇ ಅರ್ಧ ನೋಡಿ ದೊಡ್ಡಮ್ಮ, ದಂಡನೆ ಯಾರಿಗೆ? ನಂಬದವನಿಗೆ. ಮುಳುಗದವನಿಗೆ ಅಂತ ಇಲ್ಲ. ಮಾರ್ಕನ ಈ ಕೊನೆಯ ಹನ್ನೆರಡು ವಚನಗಳು ತುಂಬಾ ಹಳೆಯ ಎರಡು ಕೈಬರಹದ ಪ್ರತಿಗಳಲ್ಲಿ ಇಲ್ಲವೇ ಇಲ್ಲ ಅನ್ನುವುದನ್ನು ಬಾಯಿವರೆಗೆ ತಂದು ನುಂಗಿಕೊಂಡೆ. ಇರುವ ಸಂಶಯವೇ ಸಾಕು. ಅದರ ಬದಲು ಯೇಸುಸ್ವಾಮಿಯ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಕಥೆ ಹೇಳಿದೆ. ಅವನು ಯಾವ ಹೊಳೆಗೆ ಇಳಿದ? ಇವತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ ಅಂತ ಸ್ವಾಮಿ ಹೇಳಲಿಲ್ವಾ? ಫಿಲಿಪ್ಪಿಯ ಜೈಲಿನ ಅಧಿಕಾರಿ ಒಂದೇ ರಾತ್ರಿಯಲ್ಲಿ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಪಡೆದನಲ್ಲ, ಆ ಮನೆಯಲ್ಲಿ ತೊಟ್ಟಿಲಿನ ಮಗು ಇರಲಿಲ್ಲ ಅಂತ ಯಾರು ಹೇಳಿದ್ದು? (ಇತ್ತು ಅಂತಲೂ ಬರೆದಿಲ್ಲ ಅನ್ನಿ. ಅದನ್ನೂ ಹೇಳಲಿಲ್ಲ.)

ದೊಡ್ಡಮ್ಮ ತಲೆ ಆಡಿಸುತ್ತಿದ್ದರು, ಆದರೆ ಮುಖ ಸಡಿಲವಾಗಲಿಲ್ಲ. "ಅದೆಲ್ಲ ನನಗೆ ಗೊತ್ತುಂಟು ಮಾರಾಯ್ತಿ, ನಾನೇ ಕಲಿಸಿದ್ದಲ್ವಾ. ವಿಧೇಯತೆ ಅಂದರಲ್ಲ, ಆ ಮಾತು ಚುಚ್ಚಿತು."

ನನಗೆ ಅರ್ಥವಾಗಲಿಲ್ಲ. ಪಾಠ ಮುಂದುವರಿಸಿದೆ, ನನ್ನದು ಅದೇ ಚಾಳಿ. 1834ರಲ್ಲಿ ಇದೇ ಊರಿಗೆ ಬಂದಿಳಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ನಮ್ಮ ಹಿರಿಯರಿಗೆ ಹೇಳಿಕೊಟ್ಟದ್ದು ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ಅಂತ ಅಲ್ವಾ ಅಂದೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರನಂತೂ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಜರ್ಮನ್ ಭಾಷೆಗೆ ತರುವಾಗ ಮೂರನೇ ಅಧ್ಯಾಯದಲ್ಲಿ ಮೂಲದಲ್ಲಿಲ್ಲದ "ಮಾತ್ರ" ಅನ್ನುವ ಪದ ಸೇರಿಸಿದ, ನಂಬಿಕೆಯಿಂದ ಮಾತ್ರ ಅಂತ. ಕ್ರಿಯೆ ಬೇಕು ಅನ್ನುವ, ಸತ್ಯವೇದದಲ್ಲೇ ಇರುವ ಯಾಕೋಬನ ಪತ್ರಿಕೆಯನ್ನು 1522ರಲ್ಲಿ ಹುಲ್ಲಿನ ಪತ್ರಿಕೆ ಅಂತ ಕರೆದ. ದೊಡ್ಡಮ್ಮ ನಕ್ಕರು. "ಹುಲ್ಲಾ? ದನ ಸಾಕಿದವನಲ್ಲ ಅವನು. ಹುಲ್ಲಿಲ್ಲದೆ ಹಾಲೆಲ್ಲಿಂದ ಬರ್ತದೆ?"

ಲೂಥರನಿಗೆ ಈ ಉತ್ತರ ಯಾರಾದರೂ ಕೊಟ್ಟಿದ್ದರೆ!

ಆಮೇಲೆ ಅವರಿಗೇ ಹುರುಪು ಬಂತು. ಕನ್ನಡಕಕ್ಕೆ ಕಟ್ಟಿದ ಕಪ್ಪು ದಾರವನ್ನು ಕಿವಿಯ ಹಿಂದೆ ಸರಿಮಾಡಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರು. ಪೌಲನೂ ಅಬ್ರಹಾಮನನ್ನೇ ಕರೀತಾನೆ ಸಾಕ್ಷಿಗೆ, ಯಾಕೋಬನೂ ಅಬ್ರಹಾಮನನ್ನೇ ಕರೀತಾನೆ. ಒಬ್ಬನೇ ಸಾಕ್ಷಿ, ಎರಡು ಕಡೆಯ ವಕೀಲರು. ಪೌಲ ತೋರಿಸುವುದು ಆದಿಕಾಂಡದ 15ನೇ ಅಧ್ಯಾಯ, ನಕ್ಷತ್ರ ಎಣಿಸು ಅಂದಾಗ ಅಬ್ರಹಾಮ ನಂಬಿದ, ಅಷ್ಟೇ, ಅದೇ ನೀತಿ ಅಂತ ಎಣಿಕೆಯಾಯಿತು. ಯಾಕೋಬ ತೋರಿಸುವುದು 22, ಮಗನನ್ನು ಕರೆದುಕೊಂಡು ಬೆಟ್ಟ ಹತ್ತಿದ್ದು. ನಡುವೆ ವರ್ಷಗಟ್ಟಲೆ ಅಂತರ. 15ರಲ್ಲಿ ನಂಬಿದವನೇ 22ರಲ್ಲಿ ಎದ್ದು ಹೊರಟ, ಹಾಗಾಗಿ ಇಬ್ಬರದ್ದೂ ಜಗಳವಲ್ಲ ಅಂತ ನಾನಂದೆ.

"ಹಾಗಾದರೆ ನಾನು 15ರಲ್ಲೇ ನಿಂತುಬಿಟ್ಟೆ ಮಗಾ."

ಇಷ್ಟು ಹೇಳಿ ಪುಸ್ತಕ ನನ್ನ ಕೈಗೆ ಕೊಟ್ಟರು. ಮತ್ತಾಯ 5. ಕಾಣಿಕೆ ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸಮಾಧಾನವಾಗು ಅನ್ನುವ ಜಾಗ. ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಪಕ್ಕದಲ್ಲಿ ಚಿಕ್ಕದಾಗಿ 2013. ಅದರ ಕೆಳಗೆ ಇನ್ನೊಂದು ಗೆರೆ, 2016. ಮತ್ತೊಂದು, 2020. ಮೂರೂ ಸಲ ಗೆರೆ ಎಳೆದಿದ್ದಾರೆ, ಒಂದು ಸಲವೂ ಫೋನ್ ಮಾಡಿಲ್ಲ.

2013 ಅಂದರೆ ಮನೆ ಪಾಲಾದ ವರ್ಷ. ಅಕ್ಕ ತಂಗಿ ಮಾತು ಬಿಟ್ಟ ವರ್ಷ.

"ನೀರಿಗೆ ಇಳಿಯುವುದಾದರೆ ನಾಳೆಯೇ ಇಳಿದೇನು. ಇಬ್ಬರು ಹಿಡಿದುಕೊಂಡರೆ ಆಯ್ತು. ಇದಕ್ಕೆ ಯಾರು ಹಿಡಿಯುತ್ತಾರೆ?"

ನಾನೇನು ಹೇಳಲಿ? ರಕ್ಷಣೆ ನಿಮ್ಮ ಫೋನ್ ಕರೆಯ ಮೇಲೆ ನಿಂತಿಲ್ಲ ದೊಡ್ಡಮ್ಮ ಅಂದೆ. ನಿಜವಾಗಿಯೂ ನಂಬುತ್ತೇನೆ ಅದನ್ನು. ಎಫೆಸ 2:8, 9, ಕೃಪೆಯಿಂದಲೇ ರಕ್ಷಣೆ, ಕ್ರಿಯೆಯಿಂದಲ್ಲ. ಹೊಗಳಿಕೊಳ್ಳಲು ನಮ್ಮಲ್ಲಿ ಏನೂ ಇಲ್ಲ. ಆದರೆ ಹತ್ತನೇ ವಚನ ನೆನಪಾಗಿ, ಒಳ್ಳೆಯ ಕೆಲಸ ಮಾಡುವುದಕ್ಕೇ ನಮ್ಮನ್ನು ಸೃಷ್ಟಿಸಿದ ಅಂತ ಇದೆಯಲ್ಲ, ಬಾಯಿ ಕಟ್ಟಿತು. ಮೊದಲೆರಡನ್ನೇ ಬಾಯಿಪಾಠ ಮಾಡಿಸುತ್ತೇವೆ ಮಕ್ಕಳಿಗೆ, ಹತ್ತನೆಯದು ಯಾವಾಗಲೂ ಉಳಿದುಬಿಡುತ್ತದೆ. ಮತ್ತೆ ನಾನೇನು ಕಡಿಮೆಯಾ? ಹನ್ನೊಂದು ವರ್ಷದಿಂದ ಕದ್ದು ಬಂದು ಹೋಗುತ್ತಿದ್ದೇನೆ, ಇಲ್ಲಿಯದು ಅಲ್ಲಿ ಹೇಳದೆ, ಅಲ್ಲಿಯದು ಇಲ್ಲಿ ಹೇಳದೆ. ಜಾಣತನ ಅಂದುಕೊಂಡಿದ್ದೆ.

ಹೊರಡುವಾಗ ಒಂದು ಜೀಗುಜ್ಜೆ ಚೀಲಕ್ಕೆ ಹಾಕಿ ಕೊಟ್ಟರು. ಏನೂ ಹೇಳಲಿಲ್ಲ.

ಮನೆಗೆ ಬಂದು ಚೀಲವನ್ನು ಅಡುಗೆಮನೆಯಲ್ಲಿಟ್ಟು ಬಟ್ಟೆ ಬದಲಿಸಲು ಹೋದೆ. ವಾಪಸು ಬರುವಾಗ ಅಮ್ಮ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಮೂಸಿ ನೋಡಿದಳು. ತೊಟ್ಟಿನ ಹತ್ತಿರ ಹೆಬ್ಬೆರಳು ಆಡಿಸಿದಳು, ಅಂಟು ಇನ್ನೂ ಹಸಿ.

"ಬಾವಿ ಕಟ್ಟೆ ಮರದ್ದಲ್ವಾ ಇದು?"

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೆಟ್ಟುಕತ್ತಿ ತೆಗೆದು ಕೂತಳು. ಅರ್ಧ ಕೊಯ್ದ ಮೇಲೆ ತಲೆ ಎತ್ತದೆ, ಪೋಡಿ ಮಾಡಿದರೆ ಅವಳಿಗೆ ಈಗ ಎಣ್ಣೆ ತಿನ್ನಬಹುದಾ ಅಂತ ಕೇಳಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ.