ದಿನಾಲೂ ಶಿಲುಬೆ ಹೊರುವುದು ಹೇಗೆ?

ಸತ್ಯವೇದದ (ಬೈಬಲಿನ) ಅಧ್ಯಯನಕ್ಕೆ ಬರುವವರಲ್ಲಿ ಹೊಸಬರೂ ಹಳಬರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ‘ತನ್ನನ್ನು ಹಿಂಬಾಲಿಸಲು ಮನಸ್ಸುಳ್ಳವನು ತನ್ನನ್ನು ತಾನು ನಿರಾಕರಿಸಿ, ದಿನಾಲೂ ತನ್ನ ಶಿಲುಬೆಯನ್ನು ಹೊತ್ತುಕೊಂಡು ಬರಲಿ ಎಂದು ಯೇಸು ಹೇಳಿದ್ದಾನಲ್ಲ, ಕೆಲಸ, ಸಂಸಾರ, ಸಾಲಗಳ ನಡುವೆ ಬದುಕುವ ನಾವು ಅದನ್ನು ಪಾಲಿಸುವುದು ಹೇಗೆ?’ ಎದುರಿಗಿರುವವರ ಅಗತ್ಯವನ್ನು ನಮ್ಮ ಅನುಕೂಲಕ್ಕಿಂತ ಮುಂದಿಡುವುದರಿಂದ ಎಂದು ನಾನು ಉತ್ತರಿಸುತ್ತೇನೆ. ಈ ಉತ್ತರ ಕೆಲವರಿಗೆ ತೀರ ಸಣ್ಣದಾಗಿ ಕಾಣುತ್ತದೆ.

ಈ ಮಾತು ಮತ್ತಾಯ, ಮಾರ್ಕ, ಲೂಕ ಮೂವರ ಸುವಾರ್ತೆಗಳಲ್ಲೂ ಇದ್ದರೂ ದಿನಾಲೂ ಹೊರಬೇಕೆಂಬುದು ಲೂಕನಲ್ಲಿ (9:23) ಮಾತ್ರ ಬರುತ್ತದೆ. ರೋಮನ್ನರ ಆಳ್ವಿಕೆಯಲ್ಲಿ ಶಿಲುಬೆ ಮರಣದಂಡನೆಯ ಸಾಧನವಾಗಿತ್ತು. ಅದನ್ನು ಹೊತ್ತು ಹೊರಟವನು ಮನೆಗೆ ಮರಳುತ್ತಿರಲಿಲ್ಲ ಎಂಬುದು ಆ ಮಾತನ್ನು ಕೇಳಿದವರಿಗೆ ಚೆನ್ನಾಗಿ ತಿಳಿದಿತ್ತು. ದೇಹ ಸಾಯುವುದು ಒಂದೇ ಸಲ. ಪ್ರತಿದಿನ ಸಾಯಬೇಕಾದದ್ದು, ಎಲ್ಲದರಲ್ಲೂ ನಾನೇ ಮೊದಲಾಗಬೇಕೆಂಬ ನಮ್ಮ ಹಠ.

ಆ ಹಠ ಶಿಷ್ಯರಲ್ಲೂ ಇತ್ತು. ಕಡೆಯ ಭೋಜನದ ರಾತ್ರಿಯೂ ಅವರಲ್ಲಿ ಯಾರು ದೊಡ್ಡವನೆಂಬ ಚರ್ಚೆ ಎದ್ದಿತೆಂದು ಲೂಕನು ಬರೆದಿದ್ದಾನೆ. ಅದೇ ರಾತ್ರಿ ಯೇಸು ಊಟದಿಂದೆದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ನಡುವಿಗೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಹೊಯ್ದು, ಶಿಷ್ಯರ ಕಾಲುಗಳನ್ನು ತೊಳೆದು ಒರಸಿದನೆಂದು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ತಿಳಿಸುತ್ತದೆ. ಶಿಷ್ಯರಲ್ಲೊಬ್ಬನಾದ ಯೂದನು ಆಗ ಇನ್ನೂ ಹೊರಟುಹೋಗಿರಲಿಲ್ಲ. ಅವನು ತನ್ನನ್ನು ಶತ್ರುಗಳಿಗೆ ಹಿಡಿದುಕೊಡುವನೆಂದು ಬಲ್ಲ ಯೇಸುವೇ ಅವನ ಕಾಲನ್ನೂ ತೊಳೆದನು. ಈ ಅಧ್ಯಾಯವನ್ನು ಓದುವಾಗಲೆಲ್ಲ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಕೃತಜ್ಞತೆ ಸಿಗುವಲ್ಲಿ ಸೇವೆ ಮಾಡುವುದು ಯಾರಿಗೂ ಅಷ್ಟು ಕಷ್ಟವಲ್ಲ.

ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಡುರಾತ್ರಿ ಎದ್ದು, ನೋಯದಂತೆ ಅವರ ಮಗ್ಗುಲು ಹೊರಳಿಸಿ, ಒದ್ದೆಯಾದ ಬಟ್ಟೆಯನ್ನು ಎಳೆದು, ಬೆನ್ನು ಒರಸಿ, ಒಣಬಟ್ಟೆ ಹಾಸುವಷ್ಟರಲ್ಲಿ ಒಂದೆರಡು ಬಿರುನುಡಿಗಳನ್ನೂ ಕೇಳಬೇಕಾಗುತ್ತದೆ. ಬೆಳಗಾದರೆ ಅವರಿಗೆ ಅದರ ನೆನಪೂ ಇರುವುದಿಲ್ಲ. ಯಾವ ಸಭೆಯಲ್ಲೂ ಸಾಕ್ಷಿಯಾಗಿ ಹೇಳಿಕೊಳ್ಳಲಾಗದ ಈ ಕೆಲಸವನ್ನು ನಾನು ವೇದಿಕೆಯ ಮೇಲಿನ ಸೇವೆಗಿಂತ ಕಡಿಮೆಯೆಂದು ಎಣಿಸಲಾರೆ.

ದೇಹದಂಡನೆಯನ್ನೇ ಸ್ವನಿರಾಕರಣೆ ಎಂದುಕೊಳ್ಳುವವರೂ ಇದ್ದಾರೆ. ಉಪವಾಸಕ್ಕೆ ಅದರದೇ ಸ್ಥಾನವಿದೆ; ಯೇಸುವೂ ಉಪವಾಸ ಮಾಡಿದನು. ಆದರೆ ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಡುತ್ತ, ಜಗಳವಾಡುತ್ತ ಇದ್ದವರನ್ನು ಪ್ರವಾದಿ ಯೆಶಾಯನು 58ನೆಯ ಅಧ್ಯಾಯದಲ್ಲಿ ಖಂಡಿಸಿ, ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದು, ಮನೆಯಿಲ್ಲದವರನ್ನು ಮನೆಗೆ ಬರಮಾಡಿಕೊಳ್ಳುವುದು ದೇವರು ಮೆಚ್ಚುವ ಉಪವಾಸವೆಂದು ಸಾರಿದ್ದಾನೆ. ನಾನು ಏನನ್ನಾದರೂ ತೊರೆದಾಗ ಅದರಿಂದ ಇನ್ನೊಬ್ಬರ ಹೊರೆ ಇಳಿಯದಿದ್ದರೆ, ನನ್ನ ಹೆಮ್ಮೆ ಮಾತ್ರ ಹೆಚ್ಚಿದ್ದರೆ, ಅದು ಇನ್ನೂ ಶಿಷ್ಯತ್ವವಾಗಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಡೆತ ತಿನ್ನುತ್ತಿರುವ ಹೆಂಡತಿಗೆ ‘ಇದೇ ನಿನ್ನ ಶಿಲುಬೆ, ಸಹಿಸಿಕೋ’ ಎಂದು ಬುದ್ಧಿ ಹೇಳುವುದು ಸುವಾರ್ತೆಯ ಮಾತಲ್ಲ. ಯೇಸು ತನ್ನ ಪ್ರಾಣವನ್ನು ತಾನಾಗಿಯೇ ಕೊಟ್ಟನು. ಯಾರೂ ಅದನ್ನು ತನ್ನಿಂದ ಕಸಿದುಕೊಳ್ಳುವುದಿಲ್ಲವೆಂದು ಅವನೇ ಹೇಳಿದನು (ಯೋಹಾನ 10:18). ಬಲವಂತವಾಗಿ ಹೇರಿದ ನೋವಿಗೆ ಶಿಲುಬೆಯ ಹೆಸರಿಡುವವರು ಪೀಡಿಸುವವನ ಪಕ್ಷ ವಹಿಸಿದಂತಾಗುತ್ತದೆ. ಅವಳನ್ನು ಸುರಕ್ಷಿತ ಜಾಗಕ್ಕೆ ತಲುಪಿಸುವುದು, ಅದರಿಂದ ಬರುವ ನಿಷ್ಠುರವನ್ನು ತಾವು ಹೊರುವುದು ಕ್ರೈಸ್ತ ಸಭೆಯವರ ಪಾಲಿನ ಶಿಲುಬೆ.

ಸೇವೆ ಮಾಡುತ್ತಲೇ ಬಳಲಿ ಬಿದ್ದವರಿಗೂ ಇಷ್ಟು ಹೇಳುತ್ತೇನೆ: ಊಟಕ್ಕೂ ಬಿಡುವಿಲ್ಲದಷ್ಟು ಜನ ಬಂದುಹೋಗುತ್ತಿದ್ದಾಗ ಯೇಸು ತನ್ನ ಶಿಷ್ಯರನ್ನು ಏಕಾಂತಕ್ಕೆ ಕರೆದು, ಸ್ವಲ್ಪ ವಿಶ್ರಮಿಸಿಕೊಳ್ಳಿರಿ ಎಂದನು (ಮಾರ್ಕ 6:31). ಆದುದರಿಂದ ಹಾಸಿಗೆ ಹಿಡಿದವರ ಪಕ್ಕದಲ್ಲಿ ಒಬ್ಬರೇ ಎಚ್ಚರವಿರುವ ಮನೆ ನಿಮಗೆ ಗೊತ್ತಿದ್ದರೆ, ವಾರಕ್ಕೊಂದು ರಾತ್ರಿ ನೀವು ಅಲ್ಲಿ ಕುಳಿತು ಅವರನ್ನು ಮಲಗಲು ಕಳುಹಿಸಿರಿ.